ಮಳೆಗಾಲಕ್ಕೆ ಮುನ್ನ ಉಕ್ಕಿನ ತಗಡಿಗೆ ತುಕ್ಕುನಿರೋಧಕ ಎಣ್ಣೆ: ಹಚ್ಚುವ ಕ್ರಮ ಮತ್ತು ವಹಿಸಬೇಕಾದ ಎಚ್ಚರ

ಕಾಸರಗೋಡಿನ ಕರಾವಳಿಯಲ್ಲಿ ಉಕ್ಕಿನ ಕೆಲಸ ಮಾಡುವವರಿಗೆ ಮೇ ತಿಂಗಳ ಕೊನೆಭಾಗದಲ್ಲಿ ಬರುವ ಪತ್ತನಾಜೆಯು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನವಷ್ಟೇ ಅಲ್ಲ, ದಾಸ್ತಾನಿನಲ್ಲಿರುವ ತಗಡುಗಳಿಗೆಲ್ಲ ತುಕ್ಕುನಿರೋಧಕ ಎಣ್ಣೆ ಹಚ್ಚಿ ಮುಗಿಸಿರಬೇಕಾದ ಗಡುವೂ ಹೌದು. ಮೇ ತಿಂಗಳ ಕೊನೆಯ ವಾರ ಕಳೆದರೆ ಮಳೆ ಯಾವ ದಿನ ಹಿಡಿದೀತೆಂದು ಹೇಳಲಾಗದು. ಹಿಡಿದ ಮೇಲೆ ವರ್ಷದ ಸುಮಾರು 3500 ಮಿಲಿಮೀಟರ್ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಅಡಿಕೆ ತೋಟದವರು ಕಾಯಿ ಕೊಳೆಸುವ ಮಹಾಳಿ ರೋಗಕ್ಕೆ ಹೆದರಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಮೊದಲ ಸುತ್ತನ್ನು ಮಳೆಗೆ ಮುಂಚಿತವಾಗಿಯೇ ಹೊಡೆಸುವಂತೆ, ತಗಡಿನ ಎಣ್ಣೆಯೂ ಒಣ ದಿನಗಳಲ್ಲೇ ಆಗಬೇಕಾದ ಕೆಲಸ. ಕುಂಬಳೆಯ ಒಳಭಾಗದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ನಾನು ಕಂಡಂತೆ, ಎಣ್ಣೆ ಕಡಿಮೆಯಾಗಿ ಹಾಳಾದ ತಗಡುಗಳಿಗಿಂತ, ಒದ್ದೆಯ ಮೇಲೆ ಧಾರಾಳವಾಗಿ ಎಣ್ಣೆ ಸುರಿದು ಹಾಳಾದ ತಗಡುಗಳೇ ಹೆಚ್ಚು. ಕೈಕಾಲಿಗೆ ಏಟು ಮಾಡಿದ್ದೂ ಹೆಚ್ಚಾಗಿ ಹಾಗೆ ಸುರಿದ ಎಣ್ಣೆಯೇ.

ಎಣ್ಣೆ ಮಾಡುವ ಕೆಲಸವೇನೆಂಬುದನ್ನು ಮೊದಲು ತಿಳಿದಿರಬೇಕು. ಕಬ್ಬಿಣ, ನೀರು ಮತ್ತು ಆಮ್ಲಜನಕ ಮೂರೂ ಸೇರಿದರೆ ತುಕ್ಕು ಹಿಡಿಯುತ್ತದೆ. ಗಾಳಿಯ ಆರ್ದ್ರತೆ ಸುಮಾರು ಶೇಕಡಾ 60ನ್ನು ದಾಟಿದಾಗ ಬರಿಗಣ್ಣಿಗೆ ಕಾಣದ ನೀರಿನ ಪೊರೆಯೊಂದು ಲೋಹದ ಮೇಲೆ ಕುಳಿತು ಈ ಕ್ರಿಯೆಗೆ ವೇಗ ಕೊಡುತ್ತದೆ. ಸಮುದ್ರದ ಗಾಳಿ ಹೊತ್ತು ತರುವ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಶೇಕಡಾ 33ರ ಆಸುಪಾಸಿನ ಆರ್ದ್ರತೆಯಲ್ಲೇ ಗಾಳಿಯಿಂದ ನೀರು ಹೀರಿ ಕರಗತೊಡಗುವುದರಿಂದ, ಕರಾವಳಿಯಲ್ಲಿ ತಗಡಿಗೆ ಮಾಘದ ಒಣ ಹವೆಯಲ್ಲೂ ಪೂರ್ಣ ವಿರಾಮವಿಲ್ಲ. ಎಣ್ಣೆಯ ಪೊರೆ ನೀರನ್ನು ಸಂಪೂರ್ಣ ತಡೆಯುವ ಗೋಡೆಯಲ್ಲ, ತೇವವೂ ಆಮ್ಲಜನಕವೂ ಅದರೊಳಗೆ ನಿಧಾನವಾಗಿ ಇಳಿಯುತ್ತವೆ. ನಿಜವಾದ ಕಾವಲು ಎಣ್ಣೆಯೊಳಗೆ ಬೆರೆಸಿರುವ ಸಲ್ಫೊನೇಟ್ ಮುಂತಾದ ಪದಾರ್ಥಗಳದ್ದು. ಅವುಗಳ ಕಣಗಳ ಒಂದು ತುದಿ ಲೋಹಕ್ಕೆ ಅಂಟಿಕೊಂಡು, ಇನ್ನೊಂದು ತುದಿ ನೀರನ್ನು ದೂರವಿಡುತ್ತದೆ. ಲೋಹದ ಮೇಲೆ ಮೊದಲೇ ನೀರು, ಉಪ್ಪು ಅಥವಾ ಬೆವರು ಕುಳಿತಿದ್ದರೆ ಆ ಕಣಗಳಿಗೆ ಹಿಡಿದುಕೊಳ್ಳಲು ನೆಲೆಯೇ ಇರುವುದಿಲ್ಲ. ಆಮೇಲೆ ಎಷ್ಟು ದಪ್ಪ ಎಣ್ಣೆ ಬಳಿದರೂ ಒಳಗಿನ ನೀರನ್ನು ಒಳಗೇ ಮುಚ್ಚಿಟ್ಟಂತಾಗುತ್ತದೆ.

ಆದ್ದರಿಂದ ತಗಡು ಒಣಗಿದೆಯೇ ಎಂದು ಕೈಯಿಂದ ಸವರಿ ನೋಡಿದರೆ ಸಾಲದು, ಲೆಕ್ಕ ಹಾಕಿಯೇ ತಿಳಿಯಬೇಕು. ಗಾಳಿ 28 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇಕಡಾ 85 ಇರುವ ದಿನ ಇಬ್ಬನಿ ಕಟ್ಟುವ ತಾಪ ಸುಮಾರು 25 ಡಿಗ್ರಿ. ಆರ್ದ್ರತೆ ಶೇಕಡಾ 90ಕ್ಕೆ ಏರಿದರೆ ಅದು 26 ಡಿಗ್ರಿಯನ್ನು ದಾಟುತ್ತದೆ. ಉಕ್ಕಿಗೆ ಬಣ್ಣ ಬಳಿಯುವವರು, ಲೋಹದ ಮೈ ಇಬ್ಬನಿಯ ತಾಪಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬ ನಿಯಮ ಪಾಲಿಸುತ್ತಾರೆ. ಎಣ್ಣೆಯ ಕೆಲಸಕ್ಕೂ ಅದನ್ನೇ ಅನುಸರಿಸುವುದು ಕ್ಷೇಮ. ಹಾಗೆ ನೋಡಿದರೆ ಶೇಕಡಾ 90 ಆರ್ದ್ರತೆಯ ದಿನ ತಗಡು 29 ಡಿಗ್ರಿಗಿಂತ ಮೇಲಿರಬೇಕು, ಅಂದರೆ ಗಾಳಿಗಿಂತಲೂ ಬೆಚ್ಚಗಿರಬೇಕು. ಇದು ತಾನಾಗಿ ಆಗುವ ಮಾತಲ್ಲ. ರಾತ್ರಿ ತಣಿದ ದಪ್ಪ ತಗಡಿನ ಅಟ್ಟಿಯು ಮಧ್ಯಾಹ್ನದವರೆಗೂ ತಣ್ಣಗೇ ಉಳಿದಿರುತ್ತದೆ. ಹತ್ತು ಗಂಟೆಯ ಮೇಲೆ ಕಡಲ ಕಡೆಯಿಂದ ಬೆಚ್ಚನೆಯ ತೇವದ ಗಾಳಿ ಶೆಡ್ಡಿನೊಳಗೆ ಬಂದೊಡನೆ ಅದರ ಮೈ ಬೆವರುತ್ತದೆ. ಗೋಡೆಗೆ ತೂಗುಹಾಕುವ ಆರ್ದ್ರಮಾಪಕ ಮತ್ತು ತಗಡಿನ ಮೈತಾಪ ತೋರಿಸುವ ಥರ್ಮಾಮೀಟರ್, ಈ ಎರಡು ಸಣ್ಣ ಉಪಕರಣಗಳಿಗೆ ಹಣ ಹಾಕಲು ಹಿಂಜರಿಯುವವರು ಒಂದು ಅಟ್ಟಿ ಸಿಆರ್ ಶೀಟಿನ (ತಣ್ಣಗೆ ಉರುಳಿಸಿ ತಯಾರಿಸಿದ ನುಣುಪು ತಗಡಿನ) ಬೆಲೆಯನ್ನು ನೆನೆಯಬೇಕು. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗಿನ ಹೊತ್ತು ಸಾಮಾನ್ಯವಾಗಿ ಅನುಕೂಲ. ಆದರೆ ಬಿಸಿಲಿಗೆ ಕಾದ ತಗಡಿಗೆ ದ್ರಾವಕ ಬೆರೆತ ಎಣ್ಣೆ ಹಚ್ಚಿದರೆ ಹಬೆ ಹೆಚ್ಚಾಗಿ ಏಳುವುದರಿಂದ, ತಗಡನ್ನು ನೆರಳಿಗೆ ತಂದು, ಕೈ ಇಟ್ಟರೆ ಹಿತವಾದ ಬಿಸಿ ಮಾತ್ರ ಉಳಿಯುವ ತನಕ ಕಾಯಬೇಕು.

ಎಣ್ಣೆಯ ಆಯ್ಕೆಗೆ ಬಂದರೆ, ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಖನಿಜ ತೈಲಕ್ಕೆ ತುಕ್ಕುನಿರೋಧಕ ಪದಾರ್ಥ ಸೇರಿಸಿದ ಸಾದಾ ಎಣ್ಣೆ. ಶೆಡ್ಡಿನೊಳಗೆ ಒಂದೆರಡು ತಿಂಗಳು ಇಡುವ ತಗಡಿಗೆ ಇದು ಸಾಕು. ಎರಡನೆಯದು ಮಿನರಲ್ ಟರ್ಪೆಂಟೈನ್‌ನಂಥ ದ್ರಾವಕದಲ್ಲಿ ಕರಗಿಸಿದ್ದು. ದ್ರಾವಕ ಆರಿದ ಮೇಲೆ ತೆಳುವಾದ ಪೊರೆ ಉಳಿಯುತ್ತದೆ. ಇದರಲ್ಲೇ ನೀರನ್ನು ಲೋಹದಿಂದ ಬಿಡಿಸಿ ತಳ್ಳುವ ಗುಣದವೂ ಇವೆ, ಮಳೆಗಾಲದ ಮಧ್ಯೆ ಅನಿವಾರ್ಯವಾಗಿ ಹಚ್ಚಬೇಕಾದಾಗ ಅಂಥದ್ದನ್ನೇ ಬಳಸಬೇಕು. ಮೂರನೆಯದು ಮೇಣ ಅಥವಾ ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಬೆರೆತ ದಪ್ಪ ಪೊರೆಯದ್ದು. ದೀರ್ಘಕಾಲದ ಸಂಗ್ರಹಕ್ಕೆ ಒಳ್ಳೆಯದಾದರೂ ವೆಲ್ಡಿಂಗ್ ಅಥವಾ ಬಣ್ಣಕ್ಕೆ ಮುನ್ನ ಅದನ್ನು ತೆಗೆಯುವುದೇ ಒಂದು ದೊಡ್ಡ ಕೆಲಸ.

ನಾಲ್ಕನೆಯದೊಂದು ನಮ್ಮ ಊರಿನಲ್ಲಿ ಬಳಕೆಯಲ್ಲಿದೆ, ಅದನ್ನು ಬಳಸಲೇಬಾರದು: ವಾಹನಗಳ ಎಂಜಿನ್ನಿನಿಂದ ತೆಗೆದ, ನಮ್ಮಲ್ಲಿ ಕರಿ ಆಯಿಲ್ ಎನ್ನುವ ಹಳೆಯ ಎಣ್ಣೆ. ಬಿಟ್ಟಿಯಾಗಿ ಸಿಗುತ್ತದೆ, ಕಪ್ಪಗೆ ದಪ್ಪಗೆ ಕಾಣುತ್ತದೆ, ಆದ್ದರಿಂದ ಗಟ್ಟಿಯಾಗಿ ಕಾಯುತ್ತದೆಂಬ ಭ್ರಮೆಯನ್ನೂ ಹುಟ್ಟಿಸುತ್ತದೆ. ಅದರಲ್ಲಿ ಎಂಜಿನ್ನಿನೊಳಗೆ ಹುಟ್ಟಿದ ಆಮ್ಲ, ಮಸಿ, ನೀರಿನ ಅಂಶ ಮತ್ತು ಸವೆದ ಲೋಹದ ಪುಡಿ ಇರುವುದರಿಂದ ತಗಡಿಗೆ ಆಗುವುದು ಹಾನಿಯೇ. ಅದರಲ್ಲಿ ಸೇರಿಕೊಂಡಿರುವ ಕೆಲವು ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ರಾಸಾಯನಿಕಗಳು ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲವಾದ್ದರಿಂದ, ವರ್ಷಗಟ್ಟಲೆ ಬರಿಗೈಯಲ್ಲಿ ಬಳಿಯುವವನಿಗಂತೂ ಅದು ಇನ್ನೂ ಕೆಟ್ಟದ್ದು.

ಡಬ್ಬಿ ತೆರೆಯುವ ಮುನ್ನ ಮಾರಾಟಗಾರರಿಂದ ಆ ಎಣ್ಣೆಯ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು. ಹದಿನಾರು ವಿಭಾಗಗಳ ಆ ಪತ್ರದಲ್ಲಿ ಎರಡನೆಯ ವಿಭಾಗ ಅಪಾಯಗಳನ್ನೂ, ನಾಲ್ಕನೆಯದು ಪ್ರಥಮ ಚಿಕಿತ್ಸೆಯನ್ನೂ, ಎಂಟನೆಯದು ಧರಿಸಬೇಕಾದ ರಕ್ಷಣೆಯನ್ನೂ, ಒಂಬತ್ತನೆಯದು ಫ್ಲ್ಯಾಶ್ ಪಾಯಿಂಟನ್ನೂ ಹೇಳುತ್ತದೆ. ಫ್ಲ್ಯಾಶ್ ಪಾಯಿಂಟ್ ಎಂದರೆ ಎಣ್ಣೆಯಿಂದ ಏಳುವ ಹಬೆಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥ ಅತಿ ಕಡಿಮೆ ತಾಪ. ನಮ್ಮ ದೇಶದ ಪೆಟ್ರೋಲಿಯಂ ಕಾನೂನು 23 ಡಿಗ್ರಿಗಿಂತ ಕೆಳಗಿನದನ್ನು ಎ ವರ್ಗ, 23ರಿಂದ 65ರ ಒಳಗಿನದನ್ನು ಬಿ ವರ್ಗ, 65ರಿಂದ 93ರ ಒಳಗಿನದನ್ನು ಸಿ ವರ್ಗ ಎಂದು ವಿಂಗಡಿಸಿದೆ. ಮಿನರಲ್ ಟರ್ಪೆಂಟೈನ್ ಬೆರೆತ ಎಣ್ಣೆಗಳ ಅಂಕೆ 40 ಡಿಗ್ರಿಯ ಆಸುಪಾಸಿನಲ್ಲೇ ಇರುವುದುಂಟು. ತಗಡಿನ ಮಾಡಿನ ಶೆಡ್ಡು ಮೇ ತಿಂಗಳ ಮಧ್ಯಾಹ್ನ ಎಷ್ಟು ಕಾಯುತ್ತದೆಂದು ಬಲ್ಲವರಿಗೆ ಈ ಅಂಕೆ ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಏಳು ಭಾಷೆಗಳ ನಾಡೆಂದು ಹೆಮ್ಮೆಪಡುವ ಕಾಸರಗೋಡಿನಲ್ಲಿ ಮಲಯಾಳವನ್ನು ಸರಾಗವಾಗಿ ಮಾತನಾಡಿಯೂ ಅದರ ಲಿಪಿಯನ್ನು ತಡವರಿಸಿ ಓದುವ ಕನ್ನಡ ಶಾಲೆಯ ಹುಡುಗರಿದ್ದಾರೆ, ಕನ್ನಡ ಮಲಯಾಳ ಎರಡೂ ಬಾರದ ಒಡಿಶಾ, ಬಂಗಾಳದ ಕೆಲಸಗಾರರೂ ಇದ್ದಾರೆ. ಬೆಂಕಿ, ಕೈಗವಸು, ಕನ್ನಡಕ, ಮುಖಗವಸು ಇವಿಷ್ಟರ ಚಿತ್ರ ಬರೆದು, ಕೆಲಸಗಾರರು ನಿಜವಾಗಿ ಓದುವ ಭಾಷೆಗಳಲ್ಲಿ ನಾಲ್ಕು ಸಾಲು ಸೇರಿಸಿ, ಎಣ್ಣೆ ಹಚ್ಚುವ ಜಾಗದಲ್ಲೇ ಅಂಟಿಸಬೇಕು. ಕಚೇರಿಯ ಕಡತದೊಳಗಿನ ಮಾಹಿತಿ ಪತ್ರ ಯಾರ ಕೈಯನ್ನೂ ಕಾಯದು.

ಜಾಗವನ್ನು ಹೀಗೆ ಸಿದ್ಧಪಡಿಸಬೇಕು. ಎರಡು ಕಡೆ ಗಾಳಿಯಾಡುವ, ಕಾಂಕ್ರೀಟು ನೆಲದ ಮೂಲೆಯೊಂದನ್ನು ಆರಿಸಿ, ವೆಲ್ಡಿಂಗ್, ಗ್ರೈಂಡಿಂಗ್, ಗ್ಯಾಸ್ ಕಟಿಂಗ್ ಅಲ್ಲಿಂದ ಕನಿಷ್ಠ 11 ಮೀಟರ್ ದೂರವಿರುವಂತೆ ನೋಡಿಕೊಳ್ಳಬೇಕು. ದ್ರಾವಕದ ಹಬೆ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕಂಟಿ ಹರಿದು ಕೇಬಲಿನ ಕಾಲುವೆ, ತಗ್ಗು, ಚರಂಡಿಗಳಲ್ಲಿ ತುಂಬಿಕೊಳ್ಳುತ್ತದೆ, ಆದ್ದರಿಂದ ದೂರವಿದ್ದರೂ ತಗ್ಗಿನ ಕಡೆ ಕಿಡಿ ಹಾರುವಂತಿರಬಾರದು. ಕೈಗೆಟಕುವಲ್ಲಿ ನೊರೆಯ ಅಥವಾ ಒಣ ಪುಡಿಯ ಅಗ್ನಿಶಾಮಕ ಇರಬೇಕು. ಉರಿಯುವ ಎಣ್ಣೆಗೆ ನೀರು ಎರಚಿದರೆ ಬೆಂಕಿ ಹರಡುತ್ತದೆ. ದ್ರಾವಕದ ಎಣ್ಣೆಯನ್ನು ಡ್ರಮ್ಮಿನಿಂದ ಲೋಹದ ಬಕೆಟ್ಟಿಗೆ ಸುರಿಯುವಾಗ ಎರಡನ್ನೂ ತಂತಿಯಿಂದ ಜೋಡಿಸಿ ಭೂಮಿಗೆ ಸಂಪರ್ಕ ಕೊಡಬೇಕು, ಏಕೆಂದರೆ ಹರಿಯುವ ದ್ರಾವಕದಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತಿನ ಸಣ್ಣ ಕಿಡಿಯೂ ಹಬೆಯನ್ನು ಹೊತ್ತಿಸಬಲ್ಲುದು. ಪ್ಲಾಸ್ಟಿಕ್ ಬಕೆಟ್ಟಿಗೆ ಈ ರಕ್ಷಣೆ ಕೊಡಲಾಗದು.

ಕೈಗವಸು ನೈಟ್ರೈಲ್ ಎಂಬ ಕೃತಕ ರಬ್ಬರಿನದ್ದಾಗಿರಲಿ. ಹಾಲುರಬ್ಬರಿನ ಕೈಗವಸು ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ರಬ್ಬರು ಬೆಳೆಯುವ ನಾಡಿನಲ್ಲಿ ಅದು ಸುಲಭವಾಗಿ ಸಿಗುತ್ತದೆಂಬುದು ಅದನ್ನು ಇಲ್ಲಿ ಬಳಸಲು ಕಾರಣವಾಗಬಾರದು. ತಗಡಿನ ಅಂಚು ಬ್ಲೇಡಿನಂತೆ ಕೊಯ್ಯುವುದರಿಂದ ನೈಟ್ರೈಲ್ ಕೈಗವಸಿನ ಒಳಗೆ ಕೊಯ್ತ ತಡೆಯುವ ತೆಳು ಕೈಗವಸನ್ನೂ ಹಾಕಿಕೊಳ್ಳಬೇಕು. ಕೈಗವಸು ನಮ್ಮ ಕೈಯನ್ನು ತಗಡಿನಿಂದ ಕಾಯುವಷ್ಟೇ ತಗಡನ್ನು ನಮ್ಮ ಕೈಯಿಂದಲೂ ಕಾಯುತ್ತದೆ: ಬೆವರಿನ ಉಪ್ಪು ಬಿಟ್ಟ ಬೆರಳಚ್ಚು ನಾಲ್ಕು ದಿನದಲ್ಲಿ ಕೆಂಪು ತುಕ್ಕಾಗಿ, ಹಿಡಿದವರು ಯಾರೆಂದು ಸಾಕ್ಷಿ ಹೇಳುವಷ್ಟು ಸ್ಪಷ್ಟವಾಗಿ ಮೂಡುವುದನ್ನು ನಾನು ನೋಡಿದ್ದೇನೆ. ಪಕ್ಕ ಮುಚ್ಚಿದ ಕನ್ನಡಕ, ಎಣ್ಣೆಗೆ ಜಾರದ ಅಟ್ಟೆಯ ಉಕ್ಕಿನ ಮುಂಗಟ್ಟಿನ ಬೂಟು, ಉದ್ದ ತೋಳಿನ ಅಂಗಿ ಮತ್ತು ಎಣ್ಣೆ ಹೀರದ ಏಪ್ರನ್ ಇವೂ ಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ಸಿಕ್ಕಿಸುವ ಅಭ್ಯಾಸ ಬಿಡಿಸಬೇಕು. ದಿನವಿಡೀ ತೊಡೆಗೆ ಅಂಟಿದ ಎಣ್ಣೆಯಿಂದ ರೋಮದ ಬುಡಗಳಲ್ಲಿ ಕಜ್ಜಿಯಂಥ ಗುಳ್ಳೆಗಳೇಳುತ್ತವೆ.

ಇನ್ನು ತಗಡನ್ನು ಸ್ವಚ್ಛಗೊಳಿಸುವುದು. ಲಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಕಡಲಂಚಿನಲ್ಲಿ ಬಂದ ತಗಡಿನ ಮೇಲೆ ಧೂಳು, ಉಪ್ಪು, ಕೆಲವೊಮ್ಮೆ ಮಳೆನೀರು ಕುಳಿತಿರುತ್ತವೆ. ಧೂಳನ್ನು ಒಣ ಬಟ್ಟೆಯಿಂದ ತೆಗೆದು, ಉಪ್ಪಿನ ಸಂದೇಹವಿದ್ದರೆ ಸಿಹಿನೀರಿನಲ್ಲಿ ಒದ್ದೆಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ತಡಮಾಡದೆ ಒಣಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಒಡ್ಡಬೇಕು. ಉಪ್ಪು ದ್ರಾವಕದಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ ಎಂಬುದನ್ನು ನೆನಪಿಡಬೇಕು. ಟರ್ಪೆಂಟೈನ್ ಬಟ್ಟೆಯಿಂದ ಎಷ್ಟು ತಿಕ್ಕಿದರೂ ಉಪ್ಪು ಅಲ್ಲಿಂದಿಲ್ಲಿಗೆ ಸರಿದಾಡುತ್ತದೆ ಅಷ್ಟೆ. ಆಗಲೇ ಹಿಡಿದ ತುಕ್ಕಿನ ಮೇಲೆ ಎಣ್ಣೆ ಬಳಿಯಬಾರದು, ಅದನ್ನು ನುಣುಪಾದ ಎಮರಿ ಬಟ್ಟೆಯಿಂದ ತೆಗೆದ ಮೇಲೆಯೇ ಹಚ್ಚಬೇಕು.

ಎಷ್ಟು ಹಚ್ಚಬೇಕೆಂಬಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ತಗಡಿನ ಎರಡೂ ಬದಿ ಸೇರಿ ಸುಮಾರು 6 ಚದರ ಮೀಟರ್. ಶೆಡ್ಡಿನೊಳಗೆ ಮಳೆಗಾಲ ಕಳೆಯಲು ಚದರ ಮೀಟರಿಗೆ 5 ಗ್ರಾಂ ಎಂದು ಹಿಡಿದರೂ ಒಂದು ತಗಡಿಗೆ ಬೇಕಾಗುವುದು 30 ಗ್ರಾಂ, ಅಳತೆಯಲ್ಲಿ 34 ಮಿಲಿಲೀಟರಿನಷ್ಟು, ಅಂದರೆ ಅರ್ಧ ಲೋಟ ಚಹಾಕ್ಕಿಂತಲೂ ಕಡಿಮೆ. ಪೊರೆಯ ದಪ್ಪ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು) ಮುಟ್ಟುವುದಿಲ್ಲ. ಐವತ್ತು ತಗಡಿಗೆ ಒಂದೂಮುಕ್ಕಾಲು ಲೀಟರ್ ಸಾಕು. ದ್ರಾವಕ ಅರ್ಧದಷ್ಟಿರುವ ಎಣ್ಣೆಯಾದರೆ ಇದರ ಇಮ್ಮಡಿ ಬೇಕಾದೀತು. ಬಕೆಟ್ಟನ್ನು ಕೆಲಸಕ್ಕೆ ಮುನ್ನವೂ ಅನಂತರವೂ ತೂಗಿ, ವ್ಯತ್ಯಾಸವನ್ನು ತಗಡುಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ನಿಮ್ಮ ಕೈಯ ಹದ ತಿಳಿಯುತ್ತದೆ. ಮೊದಲ ಸಲ ತೂಗಿದಾಗ ನಮ್ಮಲ್ಲಿ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಖರ್ಚಾಗಿತ್ತು. ಹೆಚ್ಚಿನದೆಲ್ಲ ಅಟ್ಟಿಯ ಭಾರಕ್ಕೆ ಹಿಂಡಿ ಹೊರಬಂದು ನೆಲ ಸೇರಿತ್ತು.

ಈ ತೆಳುತನಕ್ಕೆ ಕುಚ್ಚು ಗಿಡ್ಡವಿರುವ ಬಣ್ಣದ ರೋಲರ್ ಅಥವಾ ಮರದ ಹಲಗೆಗೆ ಬಿಗಿದ ಉಣ್ಣೆಯ ಫೆಲ್ಟ್ ಒಳ್ಳೆಯದು. ತಗಡನ್ನು ಸೊಂಟದ ಎತ್ತರದ ಸ್ಟ್ಯಾಂಡಿನ ಮೇಲೆ ಮಲಗಿಸಿ, ರೋಲರನ್ನು ತಟ್ಟೆಯ ಅಂಚಿಗೆ ಹಿಂಡಿ, ಮೊದಲು ಉದ್ದಕ್ಕೂ ಆಮೇಲೆ ಅಡ್ಡಕ್ಕೂ ಎಳೆಯಬೇಕು. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಹೊಳಪಿಲ್ಲದ ಕಡೆ ಎಣ್ಣೆ ತಾಗಿಲ್ಲವೆಂದು ಕಾಣುತ್ತದೆ. ಕತ್ತರಿಸಿದ ಅಂಚು, ಕೊರೆದ ತೂತುಗಳನ್ನು ಕುಂಚದಿಂದ ಬೇರೆಯಾಗಿ ಮುಟ್ಟಿಸಬೇಕು, ಏಕೆಂದರೆ ತುಕ್ಕು ಮೊದಲು ಹಿಡಿಯುವುದು ಅಲ್ಲೇ.

ಸ್ಪ್ರೇ ಮಾಡುವುದು ವೇಗದ ದಾರಿಯೆಂಬುದು ನಿಜ, ಆದರೆ ಬಾಗಿಲು ತೆರೆದ ಶೆಡ್ಡಿನಲ್ಲಿ ನಾನದನ್ನು ಒಪ್ಪುವುದಿಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕವನ್ನು ಕಂಡ ಜಿಲ್ಲೆಯವರಿಗೆ ತುಂತುರು ಗಾಳಿಯಲ್ಲಿ ಎಲ್ಲಿಗೆಲ್ಲ ಹೋಗಬಲ್ಲುದೆಂದು ಹೇಳಿಕೊಡಬೇಕಾಗಿಲ್ಲ. ಇದು ಆ ವಿಷವಲ್ಲವಾದರೂ ಶ್ವಾಸಕೋಶಕ್ಕೆ ಹಿತವಾದುದೂ ಅಲ್ಲ. ಖನಿಜ ತೈಲದ ತುಂತುರಿಗೆ ಎಂಟು ಗಂಟೆಯ ಪಾಳಿಯ ಸರಾಸರಿ ಮಿತಿಯೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಇಟ್ಟಿರುವುದು ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ. ಇದಲ್ಲದೆ, ಸುರಿದಿಟ್ಟಾಗ ಸುಲಭಕ್ಕೆ ಹೊತ್ತದ ಎಣ್ಣೆಯೂ ತುಂತುರಾದಾಗ ತನ್ನ ಫ್ಲ್ಯಾಶ್ ಪಾಯಿಂಟಿಗಿಂತ ಕಡಿಮೆ ತಾಪದಲ್ಲೇ ಹೊತ್ತಿಕೊಳ್ಳಬಹುದು. ಮಾಡಲೇಬೇಕಾದರೆ ಗಾಳಿ ಎಳೆದು ಹೊರಹಾಕುವ ಬೂತಿನಲ್ಲಿ, ಒತ್ತಡ ಎಷ್ಟು ಕಡಿಮೆ ಸಾಧ್ಯವೋ ಅಷ್ಟರಲ್ಲಿ, ಹಬೆ ಮತ್ತು ತುಂತುರು ಎರಡನ್ನೂ ಹಿಡಿಯುವ ಕಾರ್ಟ್ರಿಡ್ಜಿನ ಮುಖಗವಸು ಧರಿಸಿಯೇ ಮಾಡಬೇಕು. ಬಟ್ಟೆಯ ಮಾಸ್ಕು ಎಣ್ಣೆ ಹೀರಿ ಮೂಗಿಗೇ ಒತ್ತಿಕೊಳ್ಳುತ್ತದೆ. ತೋಟಕ್ಕೆ ಬೋರ್ಡೋ ಹೊಡೆಯುವ ಪಂಪನ್ನು ತೊಳೆದು ಎಣ್ಣೆಗೆ ಬಳಸಿದವರನ್ನೂ ಕಂಡಿದ್ದೇನೆ. ಅದರ ತಳದಲ್ಲುಳಿದ ಮೈಲುತುತ್ತದ ತಾಮ್ರ ಉಕ್ಕಿನ ಮೇಲೆ ಕುಳಿತಲ್ಲೆಲ್ಲ ತುಕ್ಕು ಇನ್ನಷ್ಟು ವೇಗವಾಗಿ ಗುಳಿ ತೋಡುತ್ತದೆ. ಗಾಳಿಯಿಲ್ಲದೆ ಬರೇ ಅಧಿಕ ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವ ಯಂತ್ರದ ಮೂತಿಗೆ ಬೆರಳು ಅಡ್ಡ ಹಿಡಿದರೆ ಎಣ್ಣೆ ಚರ್ಮ ಸೀಳಿ ಒಳಹೊಕ್ಕೀತು. ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ಒಯ್ಯಬೇಕು, ಗಂಟೆಗಳ ವಿಳಂಬಕ್ಕೆ ಬೆರಳೇ ಹೋಗಬಹುದು.

ಎಣ್ಣೆ ಹಚ್ಚಿದ ಕ್ಷಣದಿಂದ ತಗಡು ಬೇರೆಯೇ ವಸ್ತುವಾಗುತ್ತದೆಂದು ಭಾವಿಸುವುದು ಒಳ್ಳೆಯದು. 3 ಮಿಲಿಮೀಟರ್ ದಪ್ಪದ, ಮೇಲೆ ಹೇಳಿದ ಅಳತೆಯ ತಗಡು ಸುಮಾರು 70 ಕಿಲೋ ತೂಗುತ್ತದೆ. ಒಣಗಿದ್ದಾಗ ಇಬ್ಬರು ಹೇಗೋ ಎತ್ತಿಡುತ್ತಿದ್ದ ಅದನ್ನು ಎಣ್ಣೆ ಹಚ್ಚಿದ ಮೇಲೆಯೂ ಹಾಗೆಯೇ ಎತ್ತಹೋಗಿ, ಒಂದು ಕಡೆ ಜಾರಿ, ಇನ್ನೊಂದು ಕಡೆ ಹಿಡಿದಿದ್ದವನ ಅಂಗೈಯನ್ನು ಅಂಚು ಸೀಳಿದ ಘಟನೆ ನನ್ನ ಕಣ್ಣೆದುರೇ ನಡೆದಿದೆ. ಆ ದಿನ ಬೇಗ ಮುಗಿಸೋಣವೆಂದು ಅವಸರ ಮಾಡಿದವನು ನಾನೇ. ಎಣ್ಣೆ ಹಚ್ಚಿದ ತಗಡನ್ನು ಕೈಯಲ್ಲಿ ಎತ್ತದೆ ಕ್ಲ್ಯಾಂಪು ಅಥವಾ ನಿರ್ವಾತದ ಹಿಡಿಕೆಯಿಂದ, ಒಂದು ಸಲಕ್ಕೆ ಒಂದನ್ನೇ ಎತ್ತಬೇಕು. ಕ್ಲ್ಯಾಂಪಿನ ಹಲ್ಲುಗಳಿಗೆ ಮೆತ್ತಿದ ಎಣ್ಣೆಯನ್ನು ಪ್ರತಿ ಸಲ ಒರೆಸಬೇಕು, ಹಿಡಿಯುವ ಜಾಗವನ್ನು ಎಣ್ಣೆ ಹಚ್ಚದೆ ಬಿಟ್ಟು ತಗಡು ತನ್ನ ಸ್ಥಾನ ಸೇರಿದ ಮೇಲೆ ಮುಟ್ಟಿಸಿದರೆ ಇನ್ನೂ ಕ್ಷೇಮ. ತೂಗುತ್ತಿರುವ ತಗಡಿನ ಕೆಳಗೂ, ಅದು ಜಾರಿದರೆ ಹೋಗಬಹುದಾದ ದಿಕ್ಕಿನಲ್ಲೂ ಯಾರೂ ನಿಲ್ಲಬಾರದು. ನೆಲಕ್ಕೆ ಬಿದ್ದ ಎಣ್ಣೆಯ ಮೇಲೆ ಒಡನೆಯೇ ಮರಳು ಚೆಲ್ಲಿ ಗುಡಿಸಿ ತೆಗೆಯಬೇಕು.

ಅಟ್ಟಿಯನ್ನು ಒಣಗಿದ ಮರದ ತುಂಡುಗಳ ಮೇಲೆ, ನೆಲದಿಂದ ಗೇಣುದ್ದ ಎತ್ತರದಲ್ಲಿ ಕಟ್ಟಬೇಕು. ಹಸಿ ಮರದಿಂದ ತೇವದ ಜೊತೆಗೆ ಅಸಿಟಿಕ್ ಆಮ್ಲದ ಹಬೆಯೂ ಏಳುವುದರಿಂದ ಅದು ಕೂಡದು. ಪ್ಲಾಸ್ಟಿಕ್ ಟರ್ಪಾಲನ್ನು ನೆಲದವರೆಗೆ ಬಿಗಿದು ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ, ಮೇಲ್ಭಾಗ ಮಾತ್ರ ಮುಚ್ಚಿ ಬದಿಗಳಲ್ಲಿ ಗಾಳಿಯಾಡಲು ಬಿಡಬೇಕು. ಆಮೇಲೆ ವೆಲ್ಡಿಂಗಿಗೆ ತೆಗೆಯುವಾಗ ಎಣ್ಣೆಯನ್ನು ಪೂರ್ತಿ ಒರೆಸಬೇಕು. ಆ ಕೆಲಸಕ್ಕೆ ಕ್ಲೋರಿನ್ ಇರುವ ದ್ರಾವಕವನ್ನು ಖಂಡಿತ ಬಳಸಬಾರದು, ಆರ್ಕಿನ ಶಾಖಕ್ಕೆ ಅದರ ಹಬೆಯಿಂದ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು.

ಕಣ್ಣಿಗೆ ಎಣ್ಣೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ನುಂಗಿದವರಿಗೆ ವಾಂತಿ ಮಾಡಿಸಬಾರದು. ಕೈಯನ್ನು ಸೀಮೆಎಣ್ಣೆ, ಥಿನ್ನರಿನಿಂದ ತೊಳೆಯಬಾರದು. ಸ್ವಲ್ಪ ತೆಂಗಿನೆಣ್ಣೆ ಸವರಿ ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು ಹಾಕಿದರೆ ಸುಲಭವಾಗಿ ಹೋಗುತ್ತದೆ.

ಒರೆಸಿದ ಬಟ್ಟೆ, ಎಣ್ಣೆ ಹೀರಿದ ಮರಳು, ತಳದಲ್ಲುಳಿದ ಎಣ್ಣೆ ಇವನ್ನು ಮುಚ್ಚಳವಿರುವ ಲೋಹದ ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಹಾಕಿ ಹೆಸರು ಬರೆದಿಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥದ್ದನ್ನು 90 ದಿನಗಳೊಳಗೆ ಅನುಮತಿ ಪಡೆದವರಿಗೇ ಒಪ್ಪಿಸಬೇಕು. ಶೆಡ್ಡಿನ ಹಿಂದೆ ಗುಂಡಿಗೆ ಸುರಿಯುವವರು ತಮ್ಮ ಕಾಲಡಿಯ ಮುರಕಲ್ಲನ್ನು ಮರೆತಿರುತ್ತಾರೆ. ತೂತುತೂತಾದ ಆ ಕಲ್ಲಿನೊಳಗಿಂದ ಒಸರುವ ನೀರನ್ನೇ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಹಿಡಿದು ಇಲ್ಲಿನ ಎಷ್ಟೋ ಮನೆಗಳು ಕುಡಿಯುತ್ತವೆ, ತೋಟಕ್ಕೆ ಬಿಡುತ್ತವೆ. ಮೇಲೆ ಸುರಿದ ಎಣ್ಣೆ ಗುಡ್ಡದ ಕೆಳಗಿನ ಸುರಂಗದ ಬಾಯಲ್ಲಿ ಬಣ್ಣಬಣ್ಣದ ಪೊರೆಯಾಗಿ ತೇಲಿ ಬಂದಾಗ ಅದನ್ನು ತೆಗೆಯುವ ಉಪಾಯ ಯಾರಲ್ಲೂ ಇರುವುದಿಲ್ಲ.

ಜುಲೈ-ಆಗಸ್ಟಿನಲ್ಲಿ ಬರುವ ಆಟಿ ತಿಂಗಳಲ್ಲಿ ಬಿಸಿಲು ಇಣುಕಿದ ದಿನವೊಂದನ್ನು ಹಿಡಿದು ಅಟ್ಟಿಗಳನ್ನು ಪರೀಕ್ಷಿಸಬೇಕು. ಮೇಲಿನ ತಗಡನ್ನು ನೋಡಿ ಸಮಾಧಾನಪಡದೆ, ನಡುವಿನ ಎರಡನ್ನೂ ತಳದ ಒಂದನ್ನೂ ಕ್ಲ್ಯಾಂಪಿನಿಂದ ಎತ್ತಿ, ಅಂಚಿನಿಂದ ಒಳಕ್ಕೆ ಕಂದು ಗೆರೆ ಸಾಗಿದೆಯೇ ಎಂದು ನೋಡಬೇಕು. ಗೆರೆ ಕಂಡರೆ ಆ ಅಟ್ಟಿಯನ್ನು ಪೂರ್ತಿ ಬಿಡಿಸಿ, ಒರೆಸಿ, ನೀರು ತಳ್ಳುವ ಬಗೆಯ ಎಣ್ಣೆಯನ್ನು ಹೊಸದಾಗಿ ಹಚ್ಚಿ, ದಿನಾಂಕವನ್ನೂ ಎಣ್ಣೆಯ ಹೆಸರನ್ನೂ ತಗಡಿನ ಅಂಚಿಗೆ ಕಟ್ಟಿದ ಚೀಟಿಯಲ್ಲಿ ಬರೆದಿಡಬೇಕು.